ಜಪಾನಿನಿಂದ ತರಿಸಿದ ಸ್ಕೈಲೈನ್ ಜಿಟಿ-ಆರ್ ಕಾರನ್ನು ಸೇವಾ ಸಂಸ್ಥೆಗೆ ದಾನ ಕೊಡಲು ಸರಿಯಾದ ದಾರಿ ಯಾವುದು?

ಮಂದಾರ | ಸೋಮವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ನಮ್ಮ ಗ್ಯಾರೇಜಿನಲ್ಲಿ 1990ರ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರೊಂದಿದೆ. 2015ರಲ್ಲಿ ಜಪಾನಿನಿಂದ ಹಡಗಿನಲ್ಲಿ ಬಂದದ್ದು, ಸ್ಟೀರಿಂಗ್ ಬಲಗಡೆಗಿದೆ, ಬಣ್ಣ ಕಾರ್ಖಾನೆಯದ್ದೇ. ಎರಡು ವರ್ಷದಿಂದ ಅದು ನಿಂತಲ್ಲೇ ನಿಂತಿದೆ. ಅದನ್ನು ನಮಗೆ ಬಹಳ ಬೇಕಾದ ಒಂದು ಹಾಸ್ಪಿಸ್ ಸಂಸ್ಥೆಗೆ (ಕೊನೆಯ ದಿನಗಳಲ್ಲಿರುವ ರೋಗಿಗಳನ್ನು ನೋಡಿಕೊಳ್ಳುವವರು) ದಾನವಾಗಿ ಕೊಡಬೇಕೆಂದು ನಿರ್ಧರಿಸಿದ್ದೇನೆ. ಸಂಸ್ಥೆಯವರನ್ನು ಕೇಳಿದಾಗ, ತಮ್ಮ ಪರವಾಗಿ ಹಳೆಯ ವಾಹನಗಳನ್ನು ಸ್ವೀಕರಿಸುವ ಮಧ್ಯವರ್ತಿಯೊಬ್ಬರ ಜಾಲತಾಣದ ಕೊಂಡಿಯನ್ನು ಕಳುಹಿಸಿದರು. ಅಲ್ಲಿನ ಅರ್ಜಿಯು 17 ಅಕ್ಷರಗಳ ವಿನ್ ನಂಬರನ್ನು, ಅಂದರೆ ವಾಹನದ ಗುರುತಿನ ಸಂಖ್ಯೆಯನ್ನು, ಕೇಳುತ್ತದೆ. ನಮ್ಮ ಕಾರಿನದ್ದು ಬಿಎನ್‌ಆರ್32 ಎಂದು ಆರಂಭವಾಗಿ, ಅಡ್ಡಗೆರೆಯ ನಂತರ ಆರು ಅಂಕೆಗಳಲ್ಲಿ ಮುಗಿದುಬಿಡುತ್ತದೆ. ದೂರವಾಣಿಯಲ್ಲಿ ಕೇಳಿದರೆ, ಖಾಲಿ ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬಿ ಕಳುಹಿಸಿ, ನಾಡಿದ್ದೇ ಟ್ರಕ್ ಬರುತ್ತದೆ ಎಂದರು. ಹಾಗೆ ಮಾಡಲು ಮನಸ್ಸು ಒಪ್ಪುತ್ತಿಲ್ಲ. ತೆರಿಗೆಯಲ್ಲಿ ಸಿಗುವ ಅನುಕೂಲ ನನಗೆ ಎರಡನೆಯ ಮಾತು. ಕಾರಿಗೆ ನಿಜವಾಗಿ ಬರಬೇಕಾದ ಹಣ ಆ ಸಂಸ್ಥೆಗೆ ತಲುಪಬೇಕು ಎಂಬುದೇ ಮುಖ್ಯ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೇಗಿಯರ್ | ಸೋಮವಾರ, ಬೆಳಿಗ್ಗೆ 8:15

ಸೊನ್ನೆ ತುಂಬಲೇಬೇಡಿ. ನಿಮ್ಮ ನಂಬರ್ ಸರಿಯಾಗಿಯೇ ಇದೆ. ಅಮೆರಿಕದಲ್ಲಿ 17 ಅಕ್ಷರಗಳ ವಿನ್ 1981ರ ಮಾದರಿಯಿಂದ ಕಡ್ಡಾಯವಾಯಿತು, ಆದರೆ ಜಪಾನಿನ ಸ್ವದೇಶಿ ಮಾರುಕಟ್ಟೆಗೆಂದು ತಯಾರಾದ ಕಾರುಗಳಿಗೆ ಚಾಸಿ ನಂಬರ್ ಮಾತ್ರ ಇರುತ್ತದೆ. ಆ ಬಿಎನ್‌ಆರ್32 ಎಂಬ ಐದು ಅಕ್ಷರಗಳೇ ನಿಮ್ಮದು ಸಾಮಾನ್ಯ ಸ್ಕೈಲೈನ್ ಅಲ್ಲ, ಜಿಟಿ-ಆರ್ ಎಂಬುದಕ್ಕೆ ಸಾಕ್ಷಿ. ಅದನ್ನು ತಿದ್ದಿ ಬರೆದರೆ ಕಾರಿನ ಟೈಟಲ್ (ಮಾಲೀಕತ್ವದ ಪತ್ರ) ಒಂದು ಹೇಳುತ್ತದೆ, ದಾನದ ರಸೀದಿ ಇನ್ನೊಂದು ಹೇಳುತ್ತದೆ.

ಮೊದಲು ಕಾಗದಗಳನ್ನು ಹುಡುಕಿಡಿ. ಜಪಾನಿನ ರಫ್ತು ಪ್ರಮಾಣಪತ್ರ ಮತ್ತು ಅದರ ಅನುವಾದ, ಆಮದಿನ ಸಮಯದಲ್ಲಿ ಸಲ್ಲಿಸಿದ ಎಚ್‌ಎಸ್-7 (ಸುರಕ್ಷತೆಯ ಘೋಷಣೆ) ಹಾಗೂ ಇಪಿಎ 3520-1 (ಹೊಗೆ ನಿಯಮದ ಘೋಷಣೆ) ನಮೂನೆಗಳು, ಕಸ್ಟಮ್ಸಿನ 7501 ನಮೂನೆ, ಇವೆಲ್ಲ ಒಂದೇ ಫೈಲಿನಲ್ಲಿರಬೇಕು. ತಯಾರಾಗಿ 25 ವರ್ಷ ತುಂಬಿದ ಕಾರಿಗೆ ಅಮೆರಿಕದ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆ. ಆ 25 ವರ್ಷವನ್ನು ಮಾದರಿ ವರ್ಷದಿಂದ ಅಲ್ಲ, ತಯಾರಾದ ತಿಂಗಳಿನಿಂದ ಎಣಿಸುತ್ತಾರೆ. 1990ರ ಕಾರು 2015ರಲ್ಲಿ ಬಂದಿದೆ ಎಂದರೆ ತಿಂಗಳು ಮುಖ್ಯವಾಗುತ್ತದೆ. ಕಾಗದ ಸರಿಯಿದ್ದರೆ ಅದೊಂದು ಬೆಲೆಬಾಳುವ ಸಂಗ್ರಾಹಕರ ಕಾರು, ಕಾಗದ ಇಲ್ಲದಿದ್ದರೆ ಖರೀದಿದಾರರೇ ಹತ್ತಿರ ಬರುವುದಿಲ್ಲ.

ಓದುಗ_77 | ಸೋಮವಾರ, ಬೆಳಿಗ್ಗೆ 8:22

ನಾಡಿದ್ದು ಬರಲಿರುವ ಟ್ರಕ್ಕನ್ನು ಮೊದಲು ರದ್ದುಮಾಡಿಸಿ ಮೇಡಂ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಚರ್ಚಿಸೋಣ.

ಕಡಲತಡಿ | ಸೋಮವಾರ, ಬೆಳಿಗ್ಗೆ 9:05

ಓದುಗರ ಮಾತನ್ನು ಅನುಮೋದಿಸುತ್ತೇನೆ, ಏಕೆಂದರೆ ನಾನು ಆ ಟ್ರಕ್ಕಿಗೆ ಕಾರು ಹತ್ತಿಸಿ ಕಳುಹಿಸಿದವನು. ನನ್ನದು ಟೊಯೋಟಾ ಸೆಲಿಕಾ ಜಿಟಿ-ಫೋರ್, ಎಸ್‌ಟಿ205. ವಿಶ್ವ ರ‍್ಯಾಲಿ ಸ್ಪರ್ಧೆಯ ಅರ್ಹತೆಗಾಗಿ ಟೊಯೋಟಾ ತಯಾರಿಸಿದ 2,500 ಕಾರುಗಳಲ್ಲಿ ಒಂದು. ಮನೆ ಬದಲಿಸಬೇಕಾಗಿ ಬಂದಾಗ ಒಳ್ಳೆಯ ಉದ್ದೇಶಕ್ಕೆ ಸಲ್ಲಲಿ ಎಂದು ಇಂಥದ್ದೇ ಒಂದು ಮಧ್ಯವರ್ತಿ ಸಂಸ್ಥೆಯ ಮೂಲಕ ಕೊಟ್ಟೆ. ಅರ್ಜಿಯಲ್ಲಿ ಸೆಲಿಕಾ ಎಂದು ಮಾತ್ರ ಆಯ್ಕೆ ಮಾಡಲು ಅವಕಾಶವಿತ್ತು. ಕಾರು ಸಗಟು ಹರಾಜಿಗೆ ಹೋಯಿತು. ಅಪಘಾತವಾದ ಸೆಡಾನುಗಳ ಸಾಲಿನಲ್ಲಿ ನಿಂತು, ಕೆಟ್ಟುಹೋದ ಹಳೆಯ ಸೆಲಿಕಾ ಒಂದಕ್ಕೆ ಎಷ್ಟು ಬರುತ್ತದೋ ಅಷ್ಟಕ್ಕೆ ಮಾರಾಟವಾಯಿತು. ಅದರಲ್ಲೂ ಟ್ರಕ್ಕಿನ ಬಾಡಿಗೆ, ಹರಾಜಿನ ಶುಲ್ಕ, ಮಧ್ಯವರ್ತಿಯ ಪಾಲು ಕಳೆದು ಉಳಿದದ್ದಷ್ಟೇ ಸೇವಾ ಸಂಸ್ಥೆಗೆ ಸೇರಿತು. ಕೆಲವು ತಿಂಗಳ ನಂತರ ಅದೇ ಕಾರು ಅಭಿಮಾನಿಗಳ ಮಾರಾಟ ತಾಣವೊಂದರಲ್ಲಿ, ನಾನೇ ತೆಗೆದ ಫೋಟೋಗಳೊಂದಿಗೆ, ಅದರ ಎಷ್ಟೋ ಪಟ್ಟು ಬೆಲೆಗೆ ಕಾಣಿಸಿಕೊಂಡಿತು. ನನಗಾದ ನಷ್ಟಕ್ಕಿಂತಲೂ ಆ ಮಕ್ಕಳ ಆಸ್ಪತ್ರೆಗೆ ಸೇರಬೇಕಾಗಿದ್ದ ಹಣ ಯಾರದೋ ಜೇಬಿಗೆ ಹೋಯಿತಲ್ಲ ಎಂಬ ಸಂಕಟ ಇಂದಿಗೂ ಇದೆ.

ಮಂದಾರ | ಸೋಮವಾರ, ಬೆಳಿಗ್ಗೆ 9:30

ಟ್ರಕ್ಕನ್ನು ಈಗ ತಾನೇ ರದ್ದುಮಾಡಿಸಿದೆ. ಕಡಲತಡಿ ಅವರೇ, ನಿಮಗಾದದ್ದನ್ನು ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಕೃತಜ್ಞಳಾಗಿದ್ದೇನೆ.

ಲೆಕ್ಕಿಗ | ಸೋಮವಾರ, ಮಧ್ಯಾಹ್ನ 12:50

ತೆರಿಗೆ ಎರಡನೆಯ ಮಾತು ಎಂದಿದ್ದೀರಿ; ಆದರೂ ಅದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಕಾರಿನ ಮಾರುಕಟ್ಟೆ ಬೆಲೆಯಷ್ಟೂ ಆದಾಯದಿಂದ ಕಳೆಯಬಹುದು ಎಂದು ಹಲವರು ನಂಬಿದ್ದಾರೆ. 2004ರ ಕಾಯ್ದೆ ಅದನ್ನು ಬದಲಿಸಿತು. 500 ಡಾಲರಿಗಿಂತ ಹೆಚ್ಚು ಬೆಲೆಯ ಕಾರನ್ನು ಸಂಸ್ಥೆಯು ನೇರವಾಗಿ ಮಾರಿದರೆ, ಮಾರಾಟದಿಂದ ಬಂದ ಮೊತ್ತಕ್ಕಿಂತ ಹೆಚ್ಚಿನ ಕಡಿತವನ್ನು ದಾನಿ ಕೇಳುವಂತಿಲ್ಲ. ಮಾರಾಟವಾದ 30 ದಿನಗಳೊಳಗೆ ಸಂಸ್ಥೆ 1098-ಸಿ ನಮೂನೆಯನ್ನು ಕೊಡಬೇಕು, ಅದರಲ್ಲಿ ಬಂದ ಮೊತ್ತ ನಮೂದಾಗಿರುತ್ತದೆ.

ಇನ್ನೊಂದು ನಿಯಮವಿದೆ, ಅಪರೂಪದ ಕಾರಿನವರು ಎಡವುವುದು ಅಲ್ಲಿಯೇ. ಬೆಲೆ ಏರಿದ ವಸ್ತುವನ್ನು ಸಂಸ್ಥೆಯು ತನ್ನ ಸೇವೆಗೆ ಬಳಸದೆ ಮಾರಿಬಿಟ್ಟರೆ, ಕಡಿತವು ದಾನಿ ಕೊಂಡ ಬೆಲೆಗೆ ಸೀಮಿತವಾಗುತ್ತದೆ. ಲೆಕ್ಕಕ್ಕೆಂದು 20,000 ಡಾಲರಿಗೆ ಕೊಂಡ ಕಾರು ಇಂದು 60,000 ಬಾಳುತ್ತದೆ ಎಂದುಕೊಳ್ಳಿ. ಸಂಸ್ಥೆ ಅದನ್ನು ಪೂರ್ತಿ 60,000ಕ್ಕೇ ಮಾರಿದರೂ ನಿಮಗೆ ಸಿಗುವ ಕಡಿತ 20,000 ಮಾತ್ರ. ಅದರ ಬದಲು ನೀವೇ ಮಾರಿ ಹಣ ಕೊಟ್ಟರೆ 60,000 ಕಡಿತ ಸಿಗುತ್ತದೆ, ಆದರೆ 40,000 ಲಾಭಕ್ಕೆ ತೆರಿಗೆ ಬೀಳುತ್ತದೆ. ಕಾರನ್ನು ಸಂಗ್ರಹದ ವಸ್ತು ಎಂದು ಪರಿಗಣಿಸಿದರೆ ಅದರ ದರ ಶೇ 28ರವರೆಗೂ ಹೋಗಬಹುದು. ಇವೆಲ್ಲವೂ ಕಡಿತಗಳನ್ನು ಬಿಡಿಬಿಡಿಯಾಗಿ ತೋರಿಸಿ ತೆರಿಗೆ ಸಲ್ಲಿಸುವವರಿಗೆ ಸಂಬಂಧಿಸಿದ ಮಾತು.

ಸಿಕ್ಸ್‌ಸಿಲಿಂಡರ್ | ಸೋಮವಾರ, ಸಂಜೆ 6:10

ಎಲ್ಲರೂ ಕಾಗದ ಮತ್ತು ತೆರಿಗೆಯ ಬಗ್ಗೆ ಬರೆಯುತ್ತಿದ್ದೀರಿ, ಕಾರಿನ ಬಗ್ಗೆ ಒಬ್ಬರೂ ಬರೆದಿಲ್ಲ. ಮಂದಾರ ಅವರೇ, ನಿಮ್ಮ ಗ್ಯಾರೇಜಿನಲ್ಲಿರುವುದು 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಸ್ಪರ್ಧೆಯ 29 ರೇಸುಗಳಲ್ಲಿ 29ನ್ನೂ ಗೆದ್ದ ಕಾರಿನ ಬೀದಿಯ ರೂಪ. ಆಸ್ಟ್ರೇಲಿಯಾದ ಬಾಥರ್ಸ್ಟ್ ಸ್ಪರ್ಧೆಯನ್ನು 1991 ಮತ್ತು 1992ರಲ್ಲಿ ಅದೇ ಗೆದ್ದಿತು. ಗಾಡ್ಜಿಲ್ಲಾ ಎಂಬ ಹೆಸರನ್ನು ಅದಕ್ಕೆ ಕೊಟ್ಟವರೂ ಆಸ್ಟ್ರೇಲಿಯಾದವರೇ. 2,568 ಸಿಸಿಯ ಆರು ಸಿಲಿಂಡರ್, ಎರಡು ಟರ್ಬೊ, ಹಿಂದಿನ ಚಕ್ರ ಜಾರಿದಾಗ ಮಾತ್ರ ಮುಂದಿನ ಚಕ್ರಗಳಿಗೆ ಶಕ್ತಿ ಕಳುಹಿಸುವ ಅಟೆಸಾ ವ್ಯವಸ್ಥೆ. ಕಂಪನಿ ಕಾಗದದ ಮೇಲೆ ಬರೆದುಕೊಂಡದ್ದು 280 ಪಿಎಸ್ (ಅಶ್ವಶಕ್ತಿಯ ಅಳತೆ), ಏಕೆಂದರೆ ಆ ಕಾಲದಲ್ಲಿ ಜಪಾನಿನ ತಯಾರಕರು ಅದಕ್ಕಿಂತ ಹೆಚ್ಚು ಘೋಷಿಸುವುದಿಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದರು.

ಇಂಥ ಕಾರಿನ ಜಾಗ ವಸ್ತುಸಂಗ್ರಹಾಲಯ. ವಿದೇಶಿ ಕಾರುಗಳಿಗೇ ಹೆಸರಾದ ಲೇನ್ ಮೋಟಾರ್ ಮ್ಯೂಸಿಯಂ ನ್ಯಾಶ್‌ವಿಲ್‌ನಲ್ಲಿದೆ, ಪೀಟರ್ಸನ್ ಲಾಸ್ ಏಂಜಲೀಸ್‌ನಲ್ಲಿದೆ. ಲೆಕ್ಕಿಗರೇ ಹೇಳಿದಂತೆ ಸಂಸ್ಥೆ ತನ್ನ ಕೆಲಸಕ್ಕೇ ಬಳಸಿದರೆ ಪೂರ್ಣ ಬೆಲೆಯ ಕಡಿತವೂ ಸಿಗಬೇಕಲ್ಲವೇ?

ಲೆಕ್ಕಿಗ | ಸೋಮವಾರ, ಸಂಜೆ 6:45

ಸಿಗುತ್ತದೆ, ಷರತ್ತುಗಳೊಂದಿಗೆ. 5,000 ಡಾಲರಿಗಿಂತ ಹೆಚ್ಚಿನ ಮೌಲ್ಯ ಹೇಳಿಕೊಳ್ಳುವುದಾದರೆ ಅರ್ಹ ಮೌಲ್ಯಮಾಪಕರ ವರದಿ ಬೇಕು. ಅದು ದಾನಕ್ಕೆ 60 ದಿನಗಳಿಗಿಂತ ಹಳೆಯದಾಗಿರಬಾರದು. ಬಲಗಡೆ ಸ್ಟೀರಿಂಗಿನ ಜಪಾನೀ ಕಾರುಗಳ ಬೆಲೆ ಸಾಮಾನ್ಯ ಬೆಲೆಪಟ್ಟಿಗಳಲ್ಲಿ ಸಿಗುವುದಿಲ್ಲವಾದ್ದರಿಂದ, ಇವುಗಳನ್ನೇ ಬಲ್ಲ ಮೌಲ್ಯಮಾಪಕರನ್ನು ಹುಡುಕಬೇಕಾಗುತ್ತದೆ. ಸಂಗ್ರಹಾಲಯವು 3 ವರ್ಷದೊಳಗೆ ಕಾರನ್ನು ಮಾರಿದರೆ 8282 ನಮೂನೆಯ ಮೂಲಕ ತೆರಿಗೆ ಇಲಾಖೆಗೆ ತಿಳಿಸಬೇಕು, ಆಗ ದಾನಿ ಪಡೆದ ಹೆಚ್ಚುವರಿ ಕಡಿತ ವಾಪಸ್ಸಾಗುವ ಸಾಧ್ಯತೆಯೂ ಇದೆ. ಅಲ್ಲದೆ ಹೀಗೆ ಪೂರ್ಣ ಬೆಲೆಗೆ ಕೊಟ್ಟ ವಸ್ತುವಿನ ಕಡಿತಕ್ಕೆ ಆ ವರ್ಷದ ಆದಾಯದ ಶೇ 30ರ ಮಿತಿ ಇದೆ. ಉಳಿದದ್ದನ್ನು ಮುಂದಿನ 5 ವರ್ಷಗಳಿಗೆ ಒಯ್ಯಬಹುದು.

ಎರಡನೇ_ಮನೆ | ಸೋಮವಾರ, ಸಂಜೆ 7:20

ಸಿಕ್ಸ್‌ಸಿಲಿಂಡರ್ ಅವರೇ, ಕಾರಿನ ಮೇಲಿನ ನಿಮ್ಮ ಅಭಿಮಾನ ಅರ್ಥವಾಗುತ್ತದೆ, ಆದರೆ ಪ್ರಶ್ನೆ ಕೇಳಿದವರು ಹಾಸ್ಪಿಸ್‌ಗೆ ಕೊಡಬೇಕೆಂದಿದ್ದಾರೆ. ಸಂಗ್ರಹಾಲಯಕ್ಕೆ ಕೊಟ್ಟರೆ ಕಾರು ಉಳಿಯುತ್ತದೆ, ಹಾಸ್ಪಿಸ್‌ಗೆ ಬಿಡಿಗಾಸೂ ಸೇರುವುದಿಲ್ಲ. ನಾನು ಹಾಸ್ಪಿಸ್‌ನಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿದ್ದೇನೆ. ಕೊನೆಯ ದಿನಗಳಲ್ಲಿರುವವರ ಪಕ್ಕದಲ್ಲಿ ರಾತ್ರಿ ಕೂರುವ ಒಬ್ಬ ದಾದಿಯ ಸಂಬಳಕ್ಕೆ ಎಷ್ಟು ಕಡೆ ಕೈಚಾಚಬೇಕಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅಂಥಲ್ಲಿಗೆ ಹೊರಟ ದಾನವನ್ನು ಬೇರೆಡೆಗೆ ತಿರುಗಿಸುವ ಸಲಹೆಯನ್ನು ನಾನು ಒಪ್ಪಲಾರೆ.

ಶಾಲೆಮೇಷ್ಟ್ರು | ಸೋಮವಾರ, ರಾತ್ರಿ 8:02

ಮೂರನೆಯ ದಾರಿಯೂ ಇದೆ. ಮೋಟಾರು ವಿದ್ಯೆ ಕಲಿಸುವ ತಾಂತ್ರಿಕ ಶಾಲೆಗೆ ಕೊಟ್ಟರೆ ಮಕ್ಕಳು ಪಾಠಕ್ಕೆ ಬಳಸುತ್ತಾರೆ.

ಹಳೇಗಿಯರ್ | ಸೋಮವಾರ, ರಾತ್ರಿ 8:10

ಮೇಷ್ಟ್ರೇ, ಕಲಿಯುವ ಮಕ್ಕಳು ಎಂಜಿನ್ ಬಿಚ್ಚಿ ಜೋಡಿಸಲು ಸಾಮಾನ್ಯ ಕಾರು ಸಾಕು. ಈ ಎಂಜಿನ್ನಿನ ಭಾಗಗಳು ಸಿಗುವುದೇ ಕಷ್ಟ; ಒಂದು ಬೋಲ್ಟ್ ಮುರಿದರೂ ಜಪಾನಿನಿಂದಲೇ ತರಿಸಬೇಕು.

ನೀಲಿದಾರಿ | ಸೋಮವಾರ, ರಾತ್ರಿ 9:35

ದೊಡ್ಡ ಹರಾಜಿನ ಮಾತನ್ನು ಯಾರೂ ಎತ್ತಲಿಲ್ಲ. ಪೋಪ್ ಫ್ರಾನ್ಸಿಸ್ ಅವರಿಗೆ ಲ್ಯಾಂಬೊರ್ಗಿನಿ ಕಂಪನಿ 2017ರಲ್ಲಿ ಕೊಟ್ಟ ಹುರಾಕಾನ್ ಕಾರು 2018ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ 7,15,000 ಯೂರೋಗಳಿಗೆ ಹರಾಜಾಗಿ, ಆ ಹಣ ಇರಾಕಿನ ನಿನೆವೆ ಬಯಲಿನ ಮನೆಗಳ ಮರುನಿರ್ಮಾಣವೂ ಸೇರಿದಂತೆ ಹಲವು ಸೇವಾಕಾರ್ಯಗಳಿಗೆ ಹೋಯಿತು. 2020ರ ಮಾದರಿಯ ಟೊಯೋಟಾ ಸುಪ್ರಾದ ಮೊದಲ ಕಾರು 2019ರ ಜನವರಿಯಲ್ಲಿ 21 ಲಕ್ಷ ಡಾಲರಿಗೆ ಹೋಯಿತು, ಆ ಹಣವೂ ಸೇವಾ ಸಂಸ್ಥೆಗಳಿಗೇ. ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ 2016ರಲ್ಲಿ ಲಾಫೆರಾರಿ ಕಾರು 70 ಲಕ್ಷ ಡಾಲರ್ ತಂದಿತು. ಸೇವೆಗೆಂದು ಹೇಳಿ ಮಾರಿದರೆ ಜನ ಕೈಬಿಚ್ಚಿ ಕೂಗುತ್ತಾರೆ.

ಕಡಲತಡಿ | ಸೋಮವಾರ, ರಾತ್ರಿ 9:58

ನೀಲಿದಾರಿ ಅವರೇ, ಅವೆಲ್ಲ ತಯಾರಕರೇ ಮುಂದೆ ನಿಂತು ಮಾಡಿಸಿದ ಹರಾಜುಗಳು. ಮೊದಲನೆಯ ಕಾರು, ಪೋಪರ ಸಹಿ ಇರುವ ಕಾರು ಎಂಬುದಕ್ಕೆ ಬಂದ ಬೆಲೆ ಅದು. ಸುಮಾರು 44,000 ತಯಾರಾದ ಆರ್32 ಜಿಟಿ-ಆರ್‌ನಲ್ಲಿ (ಮಂದಾರ ಅವರ ಕಾರಿನ ಮಾದರಿ) ಒಂದಕ್ಕೆ ಆ ಹೋಲಿಕೆ ಸಲ್ಲದು. ಆದರೂ ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ಅರ್ಪಿತವಾಗಿ, ಸುನಾಮಿ ಸಂತ್ರಸ್ತರಿಗಾಗಿ ಮಾರಾಟವಾದ ಎಂಜೊ ಫೆರಾರಿ ಕಾರು 2015ರಲ್ಲಿ ಮತ್ತೆ ಹರಾಜಿಗೆ ಬಂದಾಗ 60 ಲಕ್ಷ ಡಾಲರಿಗೂ ಹೆಚ್ಚು ತಂದಿತು. ಆ ಎರಡನೆಯ ಮಾರಾಟದ ಹಣ ಸಂತ್ರಸ್ತರದ್ದಲ್ಲ, ಮಾಲೀಕರದ್ದು. ಒಮ್ಮೆ ಕೈಬಿಟ್ಟ ಮೇಲೆ ಬೆಲೆ ಏರಿದರೂ ಸಂಸ್ಥೆಗೆ ಅದರಲ್ಲಿ ಪಾಲಿಲ್ಲ, ಹಾಗಾಗಿ ಮೊದಲ ಮಾರಾಟವೇ ಸರಿಯಾಗಿ ಆಗಬೇಕು.

ನೀಲಿದಾರಿ | ಸೋಮವಾರ, ರಾತ್ರಿ 10:06

ಸರಿ, ಹಾಗಿದ್ದರೆ ಟಿಕೆಟ್ ಮಾರಿ ಚೀಟಿ ಎತ್ತಿಸಬಹುದಲ್ಲ?

ಲೆಕ್ಕಿಗ | ಸೋಮವಾರ, ರಾತ್ರಿ 10:20

ಚೀಟಿ ಎತ್ತುವುದಕ್ಕೆ ಪ್ರತಿ ರಾಜ್ಯದಲ್ಲೂ ಬೇರೆ ಬೇರೆ ನಿಯಮ, ಪರವಾನಗಿ ಇದೆ. ಟಿಕೆಟ್ ಕೊಂಡವರಿಗೆ ತೆರಿಗೆ ಕಡಿತ ಇಲ್ಲ. ಗೆದ್ದವರು ಕಾರಿನ ಬೆಲೆಯ ಮೇಲೆ ಶೇ 24ರಷ್ಟು ತೆರಿಗೆಯನ್ನು ಮೊದಲೇ ಕಟ್ಟಬೇಕು. ಗೆದ್ದವರ ಕೈಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಎಲ್ಲರಿಗೂ ಇಕ್ಕಟ್ಟು. ಚಿಕ್ಕ ಹಾಸ್ಪಿಸ್ ಸಂಸ್ಥೆಯ ತಲೆಯ ಮೇಲೆ ಅದನ್ನು ಹೊರಿಸುವುದು ಸರಿಯಲ್ಲ.

ಓದುಗ_77 | ಮಂಗಳವಾರ, ಬೆಳಿಗ್ಗೆ 6:55

ರಾತ್ರಿಯಿಡೀ ಎಲ್ಲರೂ ಇಷ್ಟು ಬರೆದಿದ್ದೀರಿ, ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಮಂದಾರ ಮೇಡಂ, ಕಾರನ್ನು ಕೊಂಡವರು ನೀವೇನಾ? ಟೈಟಲ್ ಯಾರ ಹೆಸರಿನಲ್ಲಿದೆ?

ಮಂದಾರ | ಮಂಗಳವಾರ, ಬೆಳಿಗ್ಗೆ 8:30

ಮೊದಲೇ ಹೇಳಬೇಕಿತ್ತು, ಬರೆಯಲು ಕೈ ಬರಲಿಲ್ಲ. ಕಾರು ನನ್ನ ತಮ್ಮನದು. ಹೈಸ್ಕೂಲಿನಲ್ಲಿದ್ದಾಗಲೇ ಅವನ ಪುಸ್ತಕದ ರಟ್ಟಿನ ಮೇಲೆ ಈ ಕಾರಿನ ಚಿತ್ರವಿತ್ತು. 25 ವರ್ಷ ತುಂಬುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾದು ತರಿಸಿಕೊಂಡ. ಅವನು ಹೋಗಿ ಎರಡು ವರ್ಷವಾಯಿತು. ಕೊನೆಯ ಏಳು ವಾರ ಆ ಹಾಸ್ಪಿಸ್‌ನವರು ಅವನನ್ನು ನೋಡಿಕೊಂಡ ರೀತಿಯನ್ನು ನಾನು ಮಾತಿನಲ್ಲಿ ಹೇಳಲಾರೆ. ಒಬ್ಬ ದಾದಿ ಪ್ರತಿದಿನ ಸಂಜೆ ಅವನಿಂದ ಈ ಕಾರಿನ ಕಥೆ ಹೇಳಿಸಿಕೊಳ್ಳುತ್ತಿದ್ದರು. ಉಯಿಲಿನಲ್ಲಿ ಕಾರನ್ನು ನನಗೆ ಬರೆದಿದ್ದಾನೆ. ಟೈಟಲ್ ಕಳೆದ ವರ್ಷ ನನ್ನ ಹೆಸರಿಗೆ ಬಂದಿದೆ. ಇದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಲೆಕ್ಕಿಗ | ಮಂಗಳವಾರ, ಬೆಳಿಗ್ಗೆ 9:10

ನಿಮ್ಮ ತಮ್ಮನ ವಿಷಯ ತಿಳಿದು ದುಃಖವಾಯಿತು. ವ್ಯತ್ಯಾಸ ದೊಡ್ಡದೇ ಇದೆ, ನಾನು ನಿನ್ನೆ ಕೇಳದೆಯೇ ಲೆಕ್ಕ ಹಾಕಿದ್ದು ತಪ್ಪು. ಪಿತ್ರಾರ್ಜಿತವಾಗಿಯೋ ಉಯಿಲಿನಿಂದಲೋ ಬಂದ ವಸ್ತುವಿಗೆ, ಬಿಟ್ಟುಹೋದವರು ಕೊಂಡ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ತೀರಿಕೊಂಡ ದಿನ ಅದಕ್ಕಿದ್ದ ಮಾರುಕಟ್ಟೆ ಬೆಲೆಯೇ ನಿಮ್ಮ ಮೂಲ ಬೆಲೆಯಾಗುತ್ತದೆ. ಹಾಗಾಗಿ ನಿನ್ನೆ ಉದಾಹರಣೆಯಲ್ಲಿ ಹೇಳಿದ 40,000 ಲಾಭದ ಮಾತು ನಿಮಗೆ ಬಹುಮಟ್ಟಿಗೆ ಅನ್ವಯಿಸುವುದಿಲ್ಲ. ಕಳೆದ ಎರಡು ವರ್ಷಗಳಲ್ಲಿ ಬೆಲೆ ಏರಿದ್ದರೆ ಅಷ್ಟಕ್ಕೆ ಮಾತ್ರ ತೆರಿಗೆ. ಅವರು ತೀರಿಕೊಂಡ ದಿನ ಕಾರಿಗೆ ಎಷ್ಟು ಬೆಲೆ ಇತ್ತೆಂದು ಮೌಲ್ಯಮಾಪಕರಿಂದ ಬರೆಸಿಟ್ಟುಕೊಳ್ಳಿ.

ಆದ್ದರಿಂದ ನನ್ನ ಸಲಹೆ ಇಷ್ಟು: ನೀವೇ ಮಾರಿ, ಹಣವನ್ನು ಹಾಸ್ಪಿಸ್‌ಗೆ ಕೊಡಿ. ನಗದು ದಾನಕ್ಕೆ ಆದಾಯದ ಶೇ 60ರವರೆಗೆ ಮಿತಿ ಇದೆ, ರಸೀದಿ ಸರಳ, ಸಂಸ್ಥೆಯವರು ಕಾರಿನ ಟೈಟಲ್, ವಿಮೆ, ಹರಾಜು ಯಾವುದನ್ನೂ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆಯಾದ್ದರಿಂದ ಮಾರುವ ಮೊದಲು ನಿಮ್ಮ ಲೆಕ್ಕಪರಿಶೋಧಕರಿಗೆ ಇದನ್ನು ತೋರಿಸಿ.

ಎರಡನೇ_ಮನೆ | ಮಂಗಳವಾರ, ಬೆಳಿಗ್ಗೆ 9:40

ಮಾರುವ ಮೊದಲೇ ಹಾಸ್ಪಿಸ್‌ನ ನಿರ್ದೇಶಕರನ್ನು ಮುಖತಃ ಕಂಡು ಮಾತನಾಡಿ. ಸಂಸ್ಥೆಯ ಹೆಸರನ್ನು ಮಾರಾಟದ ಜಾಹೀರಾತಿನಲ್ಲಿ ಬಳಸಲು ಅವರ ಲಿಖಿತ ಒಪ್ಪಿಗೆ ಬೇಕು. ಹಣ ಯಾವುದಕ್ಕೆ ಸಲ್ಲಬೇಕೆಂದು ನಿಮಗೆ ಇಷ್ಟವಿದ್ದರೆ, ರಾತ್ರಿ ಪಾಳಿಯ ದಾದಿಯರಿಗೆ ಎಂದೋ ಇನ್ನೇನೆಂದೋ, ಅದನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.

ಹಳೇಗಿಯರ್ | ಮಂಗಳವಾರ, ಬೆಳಿಗ್ಗೆ 10:25

ಕ್ಯಾಲಿಫೋರ್ನಿಯಾದ ಖರೀದಿದಾರರ ವಿಷಯದಲ್ಲಿ ಒಂದು ಎಚ್ಚರಿಕೆ. ಕೇಂದ್ರದ 25 ವರ್ಷದ ನಿಯಮ ದಾಟಿದ ಕಾರಿಗೂ ಆ ರಾಜ್ಯದ ಹೊಗೆ ನಿಯಮದಿಂದ ಬಿಡುಗಡೆ ಇಲ್ಲ. 1976 ಮತ್ತು ನಂತರದ ಪೆಟ್ರೋಲ್ ಕಾರುಗಳೆಲ್ಲ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಜಾಹೀರಾತಿನಲ್ಲೇ ಅದನ್ನು ಸ್ಪಷ್ಟವಾಗಿ ಬರೆದರೆ ಮಾರಾಟ ಮುಗಿದ ಮೇಲೆ ತಕರಾರು ಬರುವುದಿಲ್ಲ. ಓಡೋಮೀಟರ್ ಕಿಲೋಮೀಟರಿನಲ್ಲಿದೆ ಎಂಬುದನ್ನೂ ಬರೆಯಿರಿ.

ಸಿಕ್ಸ್‌ಸಿಲಿಂಡರ್ | ಮಂಗಳವಾರ, ಮಧ್ಯಾಹ್ನ 1:15

ಸಂಗ್ರಹಾಲಯದ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ, ಎರಡನೇ_ಮನೆ ಅವರು ಹೇಳಿದ್ದೇ ಸರಿ. ಜಾಹೀರಾತಿನ ಜೊತೆಗೆ ನಿಮ್ಮ ತಮ್ಮ ಕಾದು ತರಿಸಿಕೊಂಡ ಕಥೆಯನ್ನೂ, ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆಯಿರಿ. ಈ ಕಾರಿನ ಅಭಿಮಾನಿಗಳು ಓದುತ್ತಾರೆ. ತುಕ್ಕು ಹಿಡಿಯುವ ಜಾಗಗಳ ಫೋಟೋ ಹಾಕಿ: ಸ್ಟ್ರಟ್ ಟವರ್‌ಗಳ (ಸಸ್ಪೆನ್ಷನ್ ಕೂರುವ ಜಾಗಗಳ) ಮೇಲ್ಭಾಗ, ಜಾಕ್ ಕೊಡುವ ಜಾಗದ ಅಂಚು, ಡಿಕ್ಕಿಯ ತಳ. ಮುಚ್ಚಿಟ್ಟರೆ ಅನುಮಾನ ಬರುತ್ತದೆ, ತೋರಿಸಿದರೆ ಬೆಲೆ ನಿಲ್ಲುತ್ತದೆ. ಕಾರ್ಖಾನೆಯ ಟರ್ಬೊಗಳೇ ಇವೆಯೇ ಎಂಬುದನ್ನು ತಿಳಿದುಕೊಳ್ಳಿ. ಅವುಗಳ ಒಳಗಿನ ಚಕ್ರ ಸೆರಾಮಿಕ್‌ನದ್ದು, ಒತ್ತಡ ಹೆಚ್ಚಿಸಿ ಓಡಿಸಿದ್ದರೆ ಒಡೆದಿರಬಹುದು.

ಮಂದಾರ | ಮಂಗಳವಾರ, ರಾತ್ರಿ 8:50

ತಮ್ಮನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ನೀಲಿ ಫೈಲೊಂದು ಸಿಕ್ಕಿತು. ರಫ್ತು ಪ್ರಮಾಣಪತ್ರ, ಅನುವಾದ, ಹಳೇಗಿಯರ್ ಅವರು ಹೇಳಿದ ಮೂರೂ ನಮೂನೆಗಳು, ಜಪಾನಿನ ಹರಾಜಿನ ತಪಾಸಣಾ ಹಾಳೆ, ಎಂಜಿನ್ ಎಣ್ಣೆ ಬದಲಿಸಿದ ಪ್ರತಿ ರಸೀದಿ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟಿದ್ದಾನೆ. ಟರ್ಬೊ ಬದಲಿಸಿಲ್ಲವೆಂದು ಅವನ ಕೈಬರಹದಲ್ಲೇ ಇದೆ. ಗುರುವಾರ ಹಾಸ್ಪಿಸ್ ನಿರ್ದೇಶಕರ ಭೇಟಿ ನಿಗದಿಯಾಗಿದೆ. ಶನಿವಾರ ಫೋಟೋ ತೆಗೆಯಬೇಕೆಂದಿದ್ದೇನೆ. ಅದಕ್ಕಾಗಿ ಕಾರನ್ನು ಒಮ್ಮೆ ಸ್ಟಾರ್ಟ್ ಮಾಡಿ ಹೊರಗೆ ತರಬಹುದೇ?

ಹಳೇಗಿಯರ್ | ಮಂಗಳವಾರ, ರಾತ್ರಿ 8:58

ಬೇಡ, ಸ್ಟಾರ್ಟ್ ಮಾಡಬೇಡಿ. ಎರಡು ವರ್ಷ ನಿಂತ ಪೆಟ್ರೋಲ್ ಹಳಸಿರುತ್ತದೆ. ನ್ಯೂಟ್ರಲ್‌ಗೆ ಹಾಕಿ, ಇಬ್ಬರು ಸೇರಿ ಕೈಯಲ್ಲೇ ತಳ್ಳಿ ಹೊರಗೆ ತನ್ನಿ, ಒಬ್ಬರು ಬ್ರೇಕಿನ ಬಳಿ ಕುಳಿತಿರಲಿ. ಈ ಎಂಜಿನ್ ಬಲ್ಲ ಮೆಕ್ಯಾನಿಕ್ ಬಂದು ಟ್ಯಾಂಕ್ ಖಾಲಿ ಮಾಡಿ, ಹೊಸ ಎಣ್ಣೆ ಮತ್ತು ಬ್ಯಾಟರಿ ಹಾಕಿ, ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಿ ಎಣ್ಣೆಯ ಒತ್ತಡ ಬಂದದ್ದನ್ನು ನೋಡಿದ ಮೇಲೆಯೇ ಕೀಲಿ ತಿರುಗಿಸಬೇಕು. ಆ ಮೊದಲ ಸ್ಟಾರ್ಟನ್ನು ವಿಡಿಯೋ ಮಾಡಿಟ್ಟುಕೊಳ್ಳಿ, ಜಾಹೀರಾತಿಗೂ ಬೇಕಾಗುತ್ತದೆ. ಆ ಸಂಜೆಗಳಲ್ಲಿ ಕಥೆ ಕೇಳಿದ ದಾದಿಗೂ ಒಂದು ಪ್ರತಿ ಕಳುಹಿಸಿ.